ಇನ್ನೆರಡು ಹನಿ

೨೪ ಸೆಪ್ಟೆಂಬರ್ ೧೯೯೮, ಗುರುವಾರ

ಇವತ್ತೂ ರೊಟ್ಟಿ ಇಲ್ಲ. ನಮ್ಮ ಅತ್ತೆ ಕೊಟ್ರಮ್ಮನವರು, ಅಂದರೆ ಈ ಮನೆಯ ಮಹಾರಾಣಿ, ಬೆಳಿಗ್ಗೆ ಹಿಟ್ಟು ನಾದಿಕೊಂಡು ಒಲೆಯ ಮುಂದೆ ಕೂತದ್ದೇನೋ ಹೌದು. ಎರಡು ರೊಟ್ಟಿ ಬಡಿದವರೇ "ಕೈ ಸೋಲ್ತಾವ ನಂಗೆ" ಅಂತ ಗೋಡೆಗೆ ಒರಗಿಬಿಟ್ಟರು. ಉಳಿದ ಹಿಟ್ಟಿಗೆ ನಾನೇ ಗತಿ. ರಶ್ಮಿತಾಳಿಗೆ ಜಡೆ ಹೆಣೆಯಬೇಕು, ಇವರು ಹರಿಹರದ ಕಾರ್ಖಾನೆಗೆ ಏಳೂವರೆ ಬಸ್ಸು ಹಿಡಿಯುವಷ್ಟರಲ್ಲಿ ಡಬ್ಬಿ ಕಟ್ಟಬೇಕು, ಎಂಟೂವರೆಗೆ ಕೆ.ಬಿ. ಬಡಾವಣೆಯ ಲ್ಯಾಬಿನ ಬಾಗಿಲು ತೆಗೆಯಬೇಕು. ಸಕ್ಕರೆ ಪರೀಕ್ಷೆಗೆ ಅಂತ ಖಾಲಿ ಹೊಟ್ಟೆಯಲ್ಲಿ ಬಂದು ಕೂತವರು ನಮ್ಮ ಮನೆಯ ರೊಟ್ಟಿಯ ಕಥೆ ಕೇಳುತ್ತಾರೆಯೇ?

ಇದು ನಾಟಕ ಅಂತ ನನಗೆ ಗೊತ್ತು. ಸಂಜೆಯೂ ಎರಡು ಗಂಟೆ ಲ್ಯಾಬಿಗೆ ಹೋಗುತ್ತೇನೆ ಅಂದ ದಿನದಿಂದ ಶುರುವಾಗಿದೆ. ಮೊದಲು ಮೊಣಕಾಲು, ಆಮೇಲೆ ಎದೆ ಡವಡವ, ಈಗ ಕೈ ಸೋಲುವುದು.

ಸಂಜೆ ಬಂದರೆ ನಾನು ಮುಂಬಾಗಿಲಿಂದ ಬರುವ ಹಾಗಿಲ್ಲ. ಮಂದಿಯ ರಕ್ತ, ಮಂದಿಯ ಉಚ್ಚೆ ಮುಟ್ಟಿ ಬಂದವಳು ನಾನು. ಹಿತ್ತಿಲಿಂದ ಬಂದು, ಸ್ನಾನ ಮಾಡಿ, ಬೇರೆ ಸೀರೆ ಉಟ್ಟು ಅಡುಗೆಮನೆಗೆ ಕಾಲಿಡಬೇಕು. ಮದುವೆಯಾಗಿ ಬಂದಾಗಿನಿಂದ ಹನ್ನೆರಡು ವರ್ಷ ಇದೇ ಕಾನೂನು. ಇವತ್ತು ಹಂಡೆಯ ನೀರೂ ತಣ್ಣಗಿತ್ತು. ಕಾನೂನು ಮಾಡಿದವರಿಗೆ ಒಲೆ ಹಚ್ಚುವುದಕ್ಕೂ ಬೇಸರ ಬಂದಿದೆ. ಹಲ್ಲು ಕಟಕಟ ಅನ್ನಿಸಿಕೊಂಡು ನಾಲ್ಕು ತಂಬಿಗೆ ಸುರಿದುಕೊಂಡೆ.

೨೭ ಸೆಪ್ಟೆಂಬರ್, ಭಾನುವಾರ

ಇವರು ನಿನ್ನೆ ಊಟಕ್ಕೆ ಕೂತಾಗ ಅಂದರು: "ಅವ್ವ ಯಾಕೋ ಬಾಳ ಸೊರಗ್ಯಾಳ. ನೀನೇ ಒಂದ್ಸಲ ರಕ್ತ ನೋಡಬಾರದಾ?" ಸರಿ, ನೋಡಿಯೇ ಬಿಡೋಣ, ಒಮ್ಮೆ ಇತ್ಯರ್ಥವಾಗಲಿ ಅಂತ ಲ್ಯಾಬಿನಿಂದ ಹಿಮೋಗ್ಲೋಬಿನ್ ಅಳೆಯುವ ಸಾಹ್ಲಿ ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದೆ.

ಇವತ್ತು ತಿಂಡಿಯಾದ ಮೇಲೆ ಹಿತ್ತಿಲ ಕಟ್ಟೆಯ ಮೇಲೆ ಕೂಡಿಸಿ ಬೆರಳು ಚುಚ್ಚಿದೆ. ಬೆರಳು ತಣ್ಣಗಿತ್ತು, ಎರಡು ಸಲ ಹಿಸುಕಬೇಕಾಯಿತು. ಈ ಪರೀಕ್ಷೆಗೆ ಕಣ್ಣೇ ಯಂತ್ರ. ಆಸಿಡ್ ಇರುವ ನಳಿಗೆಗೆ ರಕ್ತ ಬಿಟ್ಟರೆ ಹತ್ತು ನಿಮಿಷದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಹನಿಹನಿಯಾಗಿ ನೀರು ಹಾಕುತ್ತಾ, ಪೆಟ್ಟಿಗೆಯಲ್ಲಿರುವ ಕಂದು ಗಾಜಿನ ಬಣ್ಣಕ್ಕೆ ಸರಿಹೊಂದುವವರೆಗೆ ತಿಳಿ ಮಾಡುತ್ತಾ ಹೋಗಬೇಕು. ಎಷ್ಟು ಹೆಚ್ಚು ನೀರು ಹಿಡಿಯುತ್ತದೋ ಅಷ್ಟು ರಕ್ತ ಗಟ್ಟಿ. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ಒಂಬತ್ತರ ಗೆರೆಗೇ ಒಮ್ಮೆ ಕೂಡಿಬಂದ ಹಾಗೆ ಕಂಡಿತು. ಆದರೆ ಮೋಡ ಇತ್ತು, ಬೆಳಕು ಸಾಲದು ಅನ್ನಿಸಿ ಇನ್ನೆರಡು ಹನಿ ಹಾಕಿದೆ. ಮತ್ತೆ ಇನ್ನೆರಡು. ಕಡೆಗೆ ಹನ್ನೊಂದಕ್ಕೆ ನಿಲ್ಲಿಸಿದೆ.

"ಎಷ್ಟೈತೆ?" ಅಂದರು.

"ಹನ್ನೊಂದು."

"ಹನ್ನೊಂದು ಅಂದ್ರೆ ಚಲೋದೋ, ಕೆಟ್ಟದ್ದೋ?"

"ಈ ವಯಸ್ಸಿಗೆ ಚಲೋದೇ ಅತ್ತೆ. ನಿಮಗೇನೂ ಆಗಿಲ್ಲ."

ಅವರು ಬೆರಳಿಗೆ ಹತ್ತಿ ಒತ್ತಿಕೊಂಡು ಬಹಳ ಹೊತ್ತು ಅಲ್ಲೇ ಕೂತಿದ್ದರು. ಸಿಕ್ಕಿಬಿದ್ದೆ ಅಂತ ಅನ್ನಿಸಿರಬೇಕು.

೨೮ ಸೆಪ್ಟೆಂಬರ್, ಸೋಮವಾರ

ಬೆಳಿಗ್ಗೆ ಆರು ರೊಟ್ಟಿ! ಹನ್ನೊಂದು ಅಂದ ತಕ್ಷಣ ಕೈಗೆ ಬಲ ಬಂತು ನೋಡಿ. ಇವರಿಗೆ ಹೇಳಿ ನಕ್ಕೆ. ಇವರು ನಗಲಿಲ್ಲ. ತಾಯಿಯ ಮಗ.

೨೧ ಅಕ್ಟೋಬರ್, ಬುಧವಾರ

ದೀಪಾವಳಿ ಮುಗಿಯಿತು. ಹೋಳಿಗೆ ನಾನೇ ಮಾಡಿದೆ. ಇವರ ತಾಯಿ ಹೂರಣ ರುಬ್ಬಲು ಕೂತು ಅರ್ಧಕ್ಕೆ ಎದ್ದುಹೋಗಿ ಮಲಗಿದರು. ಹಬ್ಬದ ದಿನ ಮಾತು ಬೇಡ ಅಂತ ಸುಮ್ಮನಿದ್ದೆ. ಆದರೆ ಹೊಸದೊಂದು ಚಾಳಿ ಕಂಡುಹಿಡಿದಿದ್ದೇನೆ. ಅಕ್ಕಿ ಆರಿಸುವ ನೆವದಲ್ಲಿ ಮೊರ ಹಿಡಿದು ಕೂತು ಹಸಿ ಅಕ್ಕಿ ಮುಕ್ಕುತ್ತಾರೆ. ರಶ್ಮಿತಾ ನೋಡಿ "ಅಜ್ಜಿ ಇಲಿ ಆಗ್ಯಾಳ" ಅಂದಳು. ನನಗೂ ನಗು ತಡೆಯಲಾಗಲಿಲ್ಲ.

ಎದುರುಮನೆಯ ಯಲ್ಲಕ್ಕ ಎಳ್ಳೆಣ್ಣೆ ಕೇಳಿಕೊಂಡು ಬಂದವಳು ನನ್ನನ್ನು ಪಕ್ಕಕ್ಕೆ ಕರೆದು "ನಿಮ್ಮತ್ತಿ ಮಾರಿ ಯಾಕ ಹಂಗೆ ಅರಿಶಿಣ ಹಚ್ಚಿದಂಗೆ ಆಗೈತೆ?" ಅಂದಳು. ವಯಸ್ಸಾಯಿತಲ್ಲ ಅಂದೆ. ಅರವತ್ತೊಂದು.

ನೀರು ಇವತ್ತೂ ತಣ್ಣಗೆ. ಈಗ ನಾನೇ ಬಂದು ಒಲೆ ಹಚ್ಚಿಕೊಳ್ಳುತ್ತೇನೆ.

೧೯ ನವೆಂಬರ್, ಗುರುವಾರ

ಲ್ಯಾಬಿಗೆ ರಕ್ತದ ಬಣ್ಣ ಅಳೆದು ಅಂಕಿ ತೋರಿಸುವ ಕಲರಿಮೀಟರ್ ಯಂತ್ರ ಬಂದಿದೆ. ಅದರ ಜೊತೆಗೆ ಅದನ್ನು ನಡೆಸಲು ಸನೋಬರ್ ಅಂತ ಹುಡುಗಿಯೂ ಬಂದಿದ್ದಾಳೆ, ಇನ್ನೂ ಇಪ್ಪತ್ತೆರಡು, ಡಿಪ್ಲೊಮಾ ಮುಗಿಸಿ ಹೊಸತು. ಕಣ್ಣಿನ ಕೆಲಸವನ್ನು ಇನ್ನು ಮೇಲೆ ಗುಂಡಿ ಒತ್ತಿ ಮಾಡುವುದು. ಡಾಕ್ಟರ್ ಸಾಹೇಬರು ನನ್ನ ಮುಖ ನೋಡಿ "ನಿರ್ಮಲಾ, ಬೇಜಾರು ಮಾಡ್ಕೋಬೇಡಿ, ಒಂದು ಪಂದ್ಯ ಇಡೋಣ" ಅಂತ ಹತ್ತು ಜನರ ರಕ್ತ ಇಬ್ಬರಿಗೂ ಕೊಟ್ಟರು. ನನ್ನ ಅಂಕಿ, ಯಂತ್ರದ ಅಂಕಿ ಹತ್ತರಲ್ಲಿ ಹತ್ತೂ ಅರ್ಧ ಗ್ರಾಂ ಅಂತರದೊಳಗೇ ಹೊಂದಿಬಂದವು. ಸನೋಬರ್ ಬೆರಗಾಗಿ "ಮೇಡಂ, ನಿಮ್ಮ ಕಣ್ಣಾಗೇ ಮಷಿನ್ ಐತ್ರೀ" ಅಂದಳು. ಒಳ್ಳೆಯ ಹುಡುಗಿ.

ಮನೆಗೆ ಬಂದು ಇವರಿಗೆ ಹೇಳಿದೆ. ಇವರ ತಾಯಿ ಒಳಗೆ ಮಲಗಿದ್ದವರು "ಏನಂತೆ?" ಅಂತ ಕೇಳಿದರು. ಕೂಗಿ ಹೇಳಬೇಕಾಯಿತು. ಹೂಂ ಅಂದು ಹೊದ್ದುಕೊಂಡರು.

೧೩ ಡಿಸೆಂಬರ್, ಭಾನುವಾರ

ಎಲ್ಲರೂ ಮಲಗಿದ್ದಾರೆ, ಈಗ ಬರೆಯುತ್ತೇನೆ.

ಇವರ ಚಿಕ್ಕಪ್ಪನ ಮಗನ ಮದುವೆ ಹರಿಹರದಲ್ಲಿ. ಬಸ್‌ಸ್ಟ್ಯಾಂಡಿನಿಂದ ಛತ್ರಕ್ಕೆ ಐದು ನಿಮಿಷದ ದಾರಿ. ಅತ್ತೆ ಮೂರು ಕಡೆ ಕೂತರು. ನಾನು ಮುಂದೆ ಮುಂದೆ ಹೋಗುತ್ತಾ "ಮುಹೂರ್ತ ಮೀರ್ತೈತ್ರೀ" ಅಂತ ಗದರಿದೆ. ಛತ್ರದ ಮೆಟ್ಟಿಲು ಹತ್ತುವಾಗ ಅವರ ಕೈಯಲ್ಲಿದ್ದ ಮುಯ್ಯಿಯ ಸೀರೆ ಜಾರಿತು, ಅವರೂ ಜಾರಿದರು. ಸದ್ದೇ ಆಗಲಿಲ್ಲ. ಅಷ್ಟು ಹಗುರವಾಗಿದ್ದಾರೆ.

ಹೆಂಗಸರು ಈರುಳ್ಳಿ ತಾ, ನೀರು ತಾ ಅನ್ನುತ್ತಿದ್ದರು. ನಾನು ತೊಡೆಯ ಮೇಲೆ ತಲೆ ಇಟ್ಟುಕೊಂಡು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪು ಅನ್ನುವುದೇ ಇಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ. ನಾಲಿಗೆಯೂ ಹಾಗೇ. ಉಗುರು ಚಮಚದ ಹಾಗೆ ಒಳಗೆ ಬಾಗಿವೆ. ಉಗುರು ಹಾಗಾಗುವುದು ಒಂದು ದಿನದಲ್ಲಲ್ಲ. ಅದೇ ಕೈಯಿಂದ ಅವರು ದಿನಾ ನನ್ನ ತಟ್ಟೆಗೆ ಚಟ್ನಿ ಹಾಕಿದ್ದಾರೆ, ನಾನು ನೋಡಿಲ್ಲ.

ಎಚ್ಚರವಾದ ತಕ್ಷಣ ಅವರು ಅಂದದ್ದು "ಸೀರೆ ಕೊಳೆ ಆಯ್ತಾ ನೋಡು".

೧೪ ಡಿಸೆಂಬರ್, ಸೋಮವಾರ

೫.೧

ಅತ್ತೆಯ ರಕ್ತವನ್ನು ಕಲರಿಮೀಟರಿನಲ್ಲಿ ಮೂರು ಸಲ ಮಾಡಿಸಿದೆ. ಮೂರು ಸಲವೂ ಅಷ್ಟೇ. ಸನೋಬರ್ "ಇದು ಯಾರದು ಮೇಡಂ? ಅಡ್ಮಿಟ್ ಆಗ್ಯಾರಾ?" ಅಂದಳು. ನಮ್ಮ ಅತ್ತೆಯದು ಅಂದೆ. ಅವಳು ಒಂದು ಲೋಟ ಚಹಾ ತಂದು ಪಕ್ಕದಲ್ಲಿಟ್ಟಳು.

ಆಮೇಲೆ ಸಾಹ್ಲಿಯಲ್ಲೂ ನೋಡಿದೆ. ಐದಕ್ಕೇ ಬಣ್ಣ ಕೂಡಿತು.

ಸೆಪ್ಟೆಂಬರಿನ ಪುಟ ತಿರುಗಿಸಿ ಓದಿದೆ. ಮೋಡ ಇತ್ತು ಅಂತ ಬರೆದಿದ್ದೇನೆ. ಅವತ್ತು ರಶ್ಮಿತಾಳ ಯೂನಿಫಾರ್ಮ್ ಅದೇ ಹಿತ್ತಿಲಲ್ಲಿ ಒಂದು ಗಂಟೆಯಲ್ಲಿ ಒಣಗಿತ್ತು, ನಾನೇ ಮಡಿಚಿಟ್ಟಿದ್ದೆ. ಮೋಡ ಎಲ್ಲಿಂದ ಬಂತು? ಒಂಬತ್ತಕ್ಕೇ ಸರಿಹೋಗಿತ್ತು, ಒಂಬತ್ತು ಅಂದರೆ ಡಾಕ್ಟರಿಗೆ ತೋರಿಸಲೇಬೇಕಾದ ಅಂಕಿ. ನನಗೆ ಗೊತ್ತಿತ್ತು. ನನಗೆ ಹನ್ನೊಂದು ಬೇಕಾಗಿತ್ತು, ಅದಕ್ಕೆ ನೀರು ಹಾಕುತ್ತಾ ಹೋದೆ. ಬೇರೆಯವರ ರಕ್ತಕ್ಕೆ ಯಾವತ್ತೂ ಹಾಗೆ ಮಾಡಿಲ್ಲ.

೧೬ ಡಿಸೆಂಬರ್, ಬುಧವಾರ

ರಕ್ತದ ಲೇಪ ಮಾಡಿ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟುಕೊಟ್ಟೆ. ಕೆಂಪು ಕಣಗಳು ಸಣ್ಣಸಣ್ಣವು, ನಡುವೆ ಬಿಳಿ, ಅಂಚಿಗೆ ಮಾತ್ರ ಬಳೆಯಷ್ಟು ಬಣ್ಣ. ಸಾಹೇಬರು ಬಹಳ ಹೊತ್ತು ನೋಡಿದರು. "ಕಬ್ಬಿಣ ಪೂರ್ತಿ ಖಾಲಿ, ನೀವಂದ ಹಸಿ ಅಕ್ಕಿ ತಿನ್ನೋ ಚಟಾನೂ ಅದಕ್ಕೇ. ಚಿಕ್ಕ ವಯಸ್ಸಿನವರಾಗಿದ್ರೆ ಮುಟ್ಟು, ಬಾಣಂತನ ಅಂತ ಅನ್ಕೋಬಹುದಿತ್ತು. ಈ ವಯಸ್ಸಲ್ಲಿ ಅಂದ್ರೆ ಹೊಟ್ಟೆಯೊಳಗೆ ಎಲ್ಲೋ ರಕ್ತ ಸೋರ್ತಾ ಇದೆ ನಿರ್ಮಲಾ. ಮಲ ಪರೀಕ್ಷೆ ಮಾಡಿ. ಮೂರು ದಿನ ಸೊಪ್ಪು, ಮೂಲಂಗಿ ಕೊಡಬೇಡಿ, ಅವು ಪರೀಕ್ಷೆ ಕೆಡಿಸ್ತವೆ" ಅಂದರು.

ಅತ್ತೆಗೆ ಹೇಳಿದರೆ ಕಿವಿ ಮುಚ್ಚಿಕೊಂಡರು. "ಥೂ, ಆ ಮಾತು ಆಡಬ್ಯಾಡ. ಸೊಸಿ ಕೈಯಾಗ ಅದನ್ನ ಕೊಡೋದಾ? ಸತ್ರೂ ಇಲ್ಲ."

೨೦ ಡಿಸೆಂಬರ್, ಭಾನುವಾರ

ನಾಲ್ಕು ದಿನ ಮಗ ಬೇಡಿಕೊಂಡ, ಮೊಮ್ಮಗಳು ಬೇಡಿಕೊಂಡಳು. ಕಡೆಗೆ ನಾನು ಅವರ ಕಾಲ ಬಳಿ ಕೂತು ಅಂದೆ, "ನಿಮ್ಮ ಮಗಳಾಗಿದ್ರೆ ಕೊಡ್ತಿದ್ರಿ ತಾನೇ?" ಅವರಿಗೆ ಹೆಣ್ಣುಮಕ್ಕಳಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು.

ಇವತ್ತು ಬೆಳಿಗ್ಗೆ ಹಿತ್ತಿಲ ಹೊಸ್ತಿಲ ಮೇಲೆ ಒಂದು ಪೊಟ್ಟಣ. ಊರಿನವರೆಲ್ಲ ಲ್ಯಾಬಿಗೆ ತರುವ ಹಾಗೆ ಬೆಂಕಿಪೊಟ್ಟಣದಲ್ಲೇ ಹಾಕಿ, ಅದರ ಮೇಲೆ ಹಳೇ ಪೇಪರು, ಅದರ ಮೇಲೆ ಪ್ಲಾಸ್ಟಿಕ್ಕು, ಮತ್ತೆ ಪೇಪರು, ದಾರ ಸುತ್ತಿದ್ದರು. ಅವರು ಮಾತ್ರ ಎಲ್ಲೂ ಇಲ್ಲ. ನೋಡಿದರೆ ದೇವರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಒಳಗಿನಿಂದಲೇ ಮಾತಾಡಿದರು.

"ಕರ್ರಗೈತೆ. ಟಾರಿನಂಗೆ."

"ಎಷ್ಟು ದಿನದಿಂದ ಅತ್ತೆ?"

"ನವರಾತ್ರಿಗಿಂತ ಮುಂಚಿಂದ."

"ನನಗೆ ಯಾಕ ಹೇಳ್ಲಿಲ್ರಿ?"

ಬಾಗಿಲ ಹತ್ತಿರ ಸರಿದು ಕೂತ ಸದ್ದಾಯಿತು. ಆಮೇಲೆ, "ನಿಂಗೆ ಹೆಂಗೆ ಹೇಳ್ಲಿ? ಹಗಲೆಲ್ಲ ಮಂದಿದು ನೋಡಿ ನೋಡಿ ಬ್ಯಾಸತ್ತು ಬರ್ತಿ. ಮನ್ಯಾಗೂ ಅದೇನಾ?" ಅಂದರು.

ನಾನು ಆ ಪೊಟ್ಟಣ ಹಿಡಿದುಕೊಂಡು ಬಾಗಿಲ ಹೊರಗೆ ನಿಂತಿದ್ದೆ. ಹದಿನಾಲ್ಕು ವರ್ಷದಲ್ಲಿ ಇಂಥ ಸಾವಿರಾರು ಪೊಟ್ಟಣ ಬಿಚ್ಚಿದ್ದೇನೆ. ಇದನ್ನು ಬಿಚ್ಚುವಾಗ ಅಳು ಬಂತು.

೨೧ ಡಿಸೆಂಬರ್, ಸೋಮವಾರ

ಮಲದಲ್ಲಿ ರಕ್ತ ಇದ್ದರೆ ನೀಲಿಯಾಗಬೇಕು. ದ್ರಾವಣ ಹಾಕಿ ಎಣಿಸುವಷ್ಟು ಹೊತ್ತೂ ಇಲ್ಲ, ಕಡುನೀಲಿ. ಸನೋಬರ್ ಹಿಂದೆ ನಿಂತು ನೋಡುತ್ತಿದ್ದಳು. ನನ್ನ ಭುಜದ ಮೇಲೆ ಕೈ ಇಟ್ಟಳು.

೩೦ ಡಿಸೆಂಬರ್, ಬುಧವಾರ

ದೊಡ್ಡ ಆಸ್ಪತ್ರೆಯಲ್ಲಿ ಇವತ್ತಿಗೆ ಆರನೇ ದಿನ. ಮೂರು ಬಾಟಲಿ ರಕ್ತ ಏರಿಸಿದರು. ಒಂದು ಇವರದು, ಇನ್ನೆರಡು ಇವರ ಕಾರ್ಖಾನೆಯವರದು. ನನ್ನ ಗುಂಪು ಹೊಂದಲಿಲ್ಲ.

ಬಾಯಿಂದ ನಳಿಗೆ ಇಳಿಸಿ ಹೊಟ್ಟೆಯನ್ನು ನೋಡಿದರು. ಹುಣ್ಣಿರಬಹುದು ಅಂತ ನಾನು ಹರಕೆ ಹೊತ್ತಿದ್ದೆ. ಹುಣ್ಣಿಗೆ ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು. ಹುಣ್ಣಲ್ಲ, ಗಡ್ಡೆ. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದಾರೆ.

ರಕ್ತ ಏರಿದ ಮೇಲೆ ಅತ್ತೆಯ ತುಟಿಗೆ ಸ್ವಲ್ಪ ಬಣ್ಣ ಬಂದಿದೆ. "ಮನಿಗೆ ಹೋದ ಕೂಡ್ಲೇ ರೊಟ್ಟಿ ಬಡೀತೀನಿ. ನಿನ್ನ ರೊಟ್ಟಿ ತಿಂದು ನನ್ನ ಮಗನ ಹಲ್ಲು ಅಲ್ಲಾಡ್ತದಾವ" ಅಂದರು. ಪಕ್ಕದ ಮಂಚದ ಹೆಂಗಸೂ ನಕ್ಕಳು. ನಾನು ಅವರ ಕಾಲಿಗೆ ಹೊದಿಕೆ ಎಳೆದೆ.

೯ ಜನವರಿ ೧೯೯೯, ಶನಿವಾರ

ಡೈರಿ ಮುಗಿದಿದೆ. ಹಿಂದಿನ ಖಾಲಿ ಪುಟಗಳಲ್ಲಿ ಬರೆಯುತ್ತಿದ್ದೇನೆ.

ವರದಿ ಬಂತು. ಕ್ಯಾನ್ಸರ್. ಯಕೃತ್ತಿಗೂ ಹೋಗಿದೆ. ಆಪರೇಷನ್ ಬೇಡ, ಮನೆಗೆ ಕರೆದುಕೊಂಡು ಹೋಗಿ ಅಂದರು. ರಕ್ತ ಕಡಿಮೆಯಾದಾಗ ಏರಿಸೋಣ, ಅಷ್ಟೇ.

ಲ್ಯಾಬಿಗೆ ಹೋಗಿ ಸಾಹೇಬರನ್ನು ಕೇಳಿದೆ, "ಸರ್, ಸೆಪ್ಟೆಂಬರಿನಲ್ಲೇ ಗೊತ್ತಾಗಿದ್ದರೆ?"

ಅವರು ಕನ್ನಡಕ ತೆಗೆದು ಒರೆಸಿದರು. "ಯಾರಿಗೆ ಗೊತ್ತು? ಆಗ ಕತ್ತರಿಸಿ ತೆಗೆಯೋ ಹಾಗೆ ಇತ್ತೇನೋ. ಇಲ್ಲದೆಯೂ ಇರಬಹುದಿತ್ತು. ಯಾಕೆ, ಸೆಪ್ಟೆಂಬರಿನಲ್ಲಿ ಏನಾಗಿತ್ತು?"

"ಏನಿಲ್ಲ ಸರ್."

೧೪ ಜನವರಿ, ಗುರುವಾರ

ಸಂಕ್ರಾಂತಿ. ಅತ್ತೆ ಒಂದು ಕಾಳು ಎಳ್ಳು ಬಾಯಿಗೆ ಹಾಕಿಕೊಂಡು ರಶ್ಮಿತಾಳಿಗೆ ಒಳ್ಳೆ ಮಾತಾಡು ಅಂದರು. ಬೇರೇನೂ ಗಂಟಲಿಗೆ ಇಳಿಯಲಿಲ್ಲ.

೨೮ ಜನವರಿ, ಗುರುವಾರ

ಸಂಜೆಯ ಪಾಳಿ ಬಿಟ್ಟಿದ್ದೇನೆ. ಅತ್ತೆಗೆ ಬೆನ್ನು ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸುವುದು ನನ್ನ ಕೆಲಸ. ಮೊದಲ ದಿನ ನಾಚಿಕೊಂಡು ಸೆರಗು ಬಿಡಲೇ ಇಲ್ಲ. ಈಗ ಮಗುವಿನ ಹಾಗೆ ಕೈ ಎತ್ತಿಕೊಡುತ್ತಾರೆ.

ಲ್ಯಾಬಿನಿಂದ ಈಗಲೂ ಹಿತ್ತಿಲಿಂದಲೇ ಬರುತ್ತೇನೆ. ಇವರು ಇನ್ನು ಅದೆಲ್ಲ ಯಾಕೆ ಅಂದರು. ಇರಲಿ ಅಂದೆ. ಇವತ್ತು ನಾನು ಒಲೆ ಹಚ್ಚುತ್ತಿದ್ದಾಗ ರಶ್ಮಿತಾ ಬಂದು ಕೂತಳು. "ಮುಂಚೆ ಅಜ್ಜಿ ಐದು ಗಂಟಿಗೇ ಹಚ್ತಿದ್ಲು" ಅಂದಳು. "ನಾನು ಸ್ಕೂಲಿಂದ ಬಂದ್ರೂ ನಂಗೆ ಹಾಲು ಆಮೇಲೆ, ಮೊದ್ಲು ಒಲಿ. ನಿಮ್ಮವ್ವ ಬರೋ ಹೊತ್ತಿಗೆ ನೀರು ಬಿಸಿ ಇರ್ಬೇಕು, ದಣಿದು ಬರ್ತಾಳ ಅಂತಿದ್ಲು. ಕೊಡ ಎತ್ತೋಕೆ ಆಗ್ದೇ ಇದ್ದಾಗ ತಂಬಿಗಿ ತಂಬಿಗಿ ತಂದು ಹಾಕ್ತಿದ್ಲು."

ಹನ್ನೆರಡು ವರ್ಷ ನೀರು ಬಿಸಿಯಾಗಿತ್ತು. ಅದು ನನಗೆ ಗೊತ್ತೇ ಆಗಲಿಲ್ಲ. ತಣ್ಣಗಾದ ದಿನ ಮಾತ್ರ ಬರೆದಿಟ್ಟಿದ್ದೇನೆ.

೧೧ ಫೆಬ್ರುವರಿ, ಗುರುವಾರ

ಮತ್ತೆ ಬೆರಳು ಚುಚ್ಚಬೇಕಾಯಿತು. ಚುಚ್ಚುವ ಮೊದಲು ಆ ಬೆರಳನ್ನು ನನ್ನ ಅಂಗೈಯಲ್ಲಿಟ್ಟು ಉಜ್ಜಿ ಬೆಚ್ಚಗೆ ಮಾಡಿದೆ. ಸನೋಬರ್ ಹತ್ತಿರ ಓದಿಸಿಕೊಂಡು ಮನೆಗೆ ಬಂದೆ.

"ಎಷ್ಟೈತೆ?"

"ಆರೂವರೆ ಅತ್ತೆ."

"ಅವತ್ತು ಹನ್ನೊಂದಿತ್ತು, ಅಲ್ಲಾ?"

ಈಗ ಹೇಳಿಬಿಡಬೇಕು ಅನ್ನಿಸಿತು. ಬಾಯಿ ತೆರೆದೆ. ಅವರು ನನ್ನನ್ನೇ ನೋಡುತ್ತಿದ್ದರು. ಅವರೇ ಮಾತು ತಿರುಗಿಸಿದರು. "ಹೋಗ್ಲಿ ಬಿಡು. ರಶ್ಮಿತಾನ ಪರೀಕ್ಷೆ ಯಾವಾಗ?"

ನಾಳೆ ಹೇಳುತ್ತೇನೆ.

೧೨ ಫೆಬ್ರುವರಿ, ಶುಕ್ರವಾರ

ಹೇಳಲಿಲ್ಲ.

೧೪ ಫೆಬ್ರುವರಿ, ಭಾನುವಾರ

ಶಿವರಾತ್ರಿ. ಉಪವಾಸ ಮಾಡುತ್ತೇನೆ ಅಂತ ಹಟ. ತಿನ್ನುವುದೇ ಎರಡು ಚಮಚ, ಅದಕ್ಕೆ ಉಪವಾಸ ಬೇರೆ ಅಂತ ಗದರಿದೆ. ಬಹಳ ದಿನದ ಮೇಲೆ ಗದರಿದ್ದು. ಅವರಿಗೆ ಖುಷಿಯಾಯಿತು, "ಬಂತು ನೋಡು ಬಾಯಿ" ಅಂದರು. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿಯಲು ಬಲ ಸಾಲದು. ಕೆಳಗಿನಿಂದ ನಾನು ನನ್ನ ಕೈ ಕೊಟ್ಟೆ. ಪೂಜೆ ಮುಗಿಯುವವರೆಗೂ ಹಾಗೇ ಹಿಡಿದುಕೊಂಡಿದ್ದೆ. ಮುಟ್ಟಬೇಡ ಅನ್ನಲಿಲ್ಲ.

ಇವತ್ತಾದರೂ ಹೇಳಬಹುದಿತ್ತು. ಇಷ್ಟು ಶಾಂತವಾಗಿರುವಾಗ ಯಾಕೆ ಕೆಡಿಸುವುದು ಅಂದುಕೊಂಡೆ. ಶಾಂತಿ ಕೆಡುವುದು ಅವರದೋ ನನ್ನದೋ ನನಗೇ ತಿಳಿಯದು.

೨೭ ಫೆಬ್ರುವರಿ, ಶನಿವಾರ

ಹೊಟ್ಟೆ ಊದಿದೆ. ಮಾತು ಕಡಿಮೆ. ರಕ್ತ ಏರಿಸುವುದು ಇನ್ನು ಬೇಡ ಅಂದರು ಡಾಕ್ಟರು, ಸೂಜಿಗೆ ನರವೇ ಸಿಗುತ್ತಿಲ್ಲ.

ಮಧ್ಯಾಹ್ನ ಅವರು ಮಲಗಿದ್ದಾಗ ಕಿವಿಯ ಹತ್ತಿರ ಬಾಗಿ ಹೇಳಿದೆ. ಒಂಬತ್ತಿತ್ತು, ನಾನೇ ಹನ್ನೊಂದು ಮಾಡಿದೆ ಅಂತ. ಕಣ್ಣು ತೆರೆಯಲಿಲ್ಲ. ನಿದ್ದೆಯಲ್ಲಿದ್ದರು. ನಿದ್ದೆ ಅಂತ ಗೊತ್ತಿದ್ದೇ ಹೇಳಿದ್ದು ನಾನು.

೩ ಮಾರ್ಚ್, ಬುಧವಾರ

ಬೆಳಿಗ್ಗೆ ಹತ್ತು ಗಂಟೆಗೆ ಅವ್ವ ಹೋದರು.

ಇವರ ಊರು ಕೊಕ್ಕನೂರಿನ ಹೊಲದಲ್ಲಿ ಮಾವನ ಸಮಾಧಿಯ ಪಕ್ಕದಲ್ಲಿ ಕೂಡಿಸಿ ಮಣ್ಣು ಮಾಡಿದರು.

೧೪ ಮಾರ್ಚ್, ಭಾನುವಾರ

ಮನೆಗೆ ಬಂದುಹೋಗುವವರು ನಿಂತಿದ್ದಾರೆ. ಯುಗಾದಿಗೆ ನಾಲ್ಕು ದಿನ, ಈ ವರ್ಷ ಹಬ್ಬವಿಲ್ಲ.

ಮಧ್ಯಾಹ್ನ ಯಲ್ಲಕ್ಕ ಬಂದಳು. ಅವ್ವನ ಕೋಣೆಯ ಬಾಗಿಲಲ್ಲಿ ಕೂತು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ನನಗೆ ಸಮಾಧಾನ ಹೇಳುವುದಕ್ಕೆ ಅಂತಲೇ ಶುರುಮಾಡಿದಳು.

"ನಿನ್ನ ಮ್ಯಾಲೆ ಎಷ್ಟು ಭರವಸೆ ಇತ್ತವ್ವ ಆಕಿಗೆ. ಕಾರ್ತೀಕ ಮುಗಿದ ಮ್ಯಾಲೆ ನಮ್ಮ ಓಣಿ ಹೆಂಗಸ್ರೆಲ್ಲ ದವಾಖಾನಿಗೆ ತೋರ್ಸೋಕೆ ಹೊಂಟಿದ್ವಿ. ಬಾ ಕೊಟ್ರಮ್ಮ, ಮಾರಿ ಹಿಂಗಾಗೈತೆ ಅಂದೆ. 'ನನ್ನ ಸೊಸಿ ನೋಡ್ಯಾಳ, ಹನ್ನೊಂದೈತೆ. ಆಕಿ ಕಣ್ಣಿನ ಮುಂದೆ ಮಷಿನ್ನೂ ಸೋತೈತಂತೆ. ಡಾಕ್ಟ್ರು ಏನು ಬ್ಯಾರೆ ಹೇಳ್ತಾರ?' ಅಂದ್ಲು. ಓಣಿತುಂಬ ಅದನ್ನೇ ಹೇಳಿಕಂಡು ತಿರುಗಿದ್ಲು. ನಮಗೆಲ್ಲ ಹೊಟ್ಟಿಕಿಚ್ಚು ಬರೋ ಹಂಗೆ."

ನಾನು ಅವಳಿಗೆ ಚಹಾ ಮಾಡಿಕೊಟ್ಟೆ. ಸಕ್ಕರೆ ಹಾಕಿದೆನೋ ಇಲ್ಲವೋ ಗೊತ್ತಿಲ್ಲ, ಅವಳು ಪೂರ್ತಿ ಕುಡಿದಿಟ್ಟಳು. ಅವಳು ಹೋದ ಮೇಲೆ ಅವ್ವನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನನ್ನ ಕೆಲಸ ಅಂದರೆ ಹೇಸಿಗೆ ಅಂದುಕೊಂಡಿದ್ದಾರೆ ಅಂತ ಹನ್ನೆರಡು ವರ್ಷ ನಾನು ಉರಿದುಕೊಂಡಿದ್ದೆ. ಅವರು ನನ್ನ ಒಂದು ಅಂಕಿಯನ್ನು ಹಿಡಿದುಕೊಂಡು ಆಸ್ಪತ್ರೆಯ ಬಾಗಿಲಿಂದ ಹಿಂದಕ್ಕೆ ಬಂದಿದ್ದಾರೆ.

ಸಂಜೆ ಇವರು ಹಿತ್ತಿಲ ಕಟ್ಟೆಯ ಮೇಲೆ ಕೂತು ನಾಳೆಯ ಡ್ಯೂಟಿಗೆ ಬೂಟು ಒರೆಸುತ್ತಿದ್ದರು. ಹೋಗಿ ಎದುರಿಗೆ ನಿಂತು ಎಲ್ಲ ಹೇಳಿದೆ. ಒಂಬತ್ತು, ಹನ್ನೊಂದು, ಇಲ್ಲದ ಮೋಡ, ಯಲ್ಲಕ್ಕ ಅಂದದ್ದು. ಇವರ ಕೈ ನಿಂತಿತು. ತಲೆ ಎತ್ತಲಿಲ್ಲ.

"ಗೊತ್ತೈತೆ" ಅಂದರು.

"ಯಾರು ಹೇಳಿದ್ರು?"

"ಅವ್ವ. ದವಾಖಾನ್ಯಾಗ ಮೊದ್ಲಿನ ಬಾಟ್ಲಿ ಏರಿಸ್ತಿದ್ದಾಗ ಡಾಕ್ಟ್ರು ಬಂದು, ಇದಕ್ಕೆ ಮುಂಚೆ ಯಾರಾದ್ರೂ ರಕ್ತ ನೋಡಿದ್ರಾ ಅಂತ ಕೇಳಿದ್ರು. ನಾನು ಹೂಂ ಅನ್ನೋಕೆ ಹೋದೆ. ಅವ್ವ ಸೂಜಿ ಇದ್ದ ಕೈಯಾಗೇ ನನ್ನ ಮಣಿಕಟ್ಟು ಹಿಡಿದ್ಲು. 'ಇಲ್ರೀ, ಯಾರೂ ನೋಡಿಲ್ಲ' ಅಂದ್ಲು. ಡಾಕ್ಟ್ರು ಹೋದ ಮ್ಯಾಲೆ ನಂಗೆ ಹೇಳಿದ್ಲು. 'ಮೂರು ತಿಂಗಳಾಗ ಹನ್ನೊಂದು ಐದಾಗಲ್ಲ, ಅಷ್ಟು ನಂಗೂ ತಿಳೀತೈತೆ. ಆಕಿ ಹೆಸ್ರು ಎಲ್ಲೂ ಬರಬಾರದು. ಇನ್ನೊಬ್ರು ಕೇಳಿದ್ರೆ ಆಕಿ ಕೆಲ್ಸಕ್ಕೆ ಕುತ್ತು. ನೀನೂ ಆಕಿನ್ನ ಒಂದು ಮಾತು ಕೇಳಬ್ಯಾಡ' ಅಂತ ಆಣಿ ಹಾಕಿಸ್ಕೊಂಡ್ಲು."

ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದರು.

"ನಿಮಗೆ ನನ್ನ ಮೇಲೆ ಸಿಟ್ಟು ಬರಲಿಲ್ಲವಾ?"

"ಬಂದಿತ್ತು. ಇನ್ನೂ ಐತೆ" ಅಂದರು. ಎದ್ದು ಒಳಗೆ ಹೋದರು. ಹೋಗುವಾಗ ನನ್ನ ತಲೆಯ ಮೇಲೆ ಒಮ್ಮೆ ಕೈ ಇಟ್ಟರು.

ಇವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅದರ ಜೊತೆ ಬದುಕಬಲ್ಲೆ. ಹನ್ನೆರಡು ವರ್ಷದಲ್ಲಿ ಅವ್ವ ಒಂದು ಮಾತು ಅಂದರೆ ನಾನು ಎರಡು ಅಂದಿದ್ದೇನೆ. ಬಾಯಿಬಿಟ್ಟು ಅನ್ನಲಾಗದ್ದನ್ನು ಈ ಡೈರಿಯಲ್ಲಿ ಅಂದಿದ್ದೇನೆ. ಇದಕ್ಕೆ ಮಾತ್ರ ನನ್ನ ಹತ್ತಿರ ಒಂದು ಮಾತೂ ಇಲ್ಲ. ಎಲ್ಲ ಗೊತ್ತಿದ್ದೂ ಎರಡು ತಿಂಗಳು ನನ್ನ ಕೈಯಿಂದ ಗಂಜಿ ಕುಡಿದರು. ನಾನು ಹೇಳಬೇಕು ಅಂತ ಬಾಯಿ ತೆರೆದಾಗ ಮಾತು ತಿರುಗಿಸಿದರು.

ಅವ್ವ, ಒಂದು ಸಲ ನನ್ನನ್ನು ಬೈದು ಹೋಗಬಾರದಿತ್ತೇ?